ಐವತ್ತು ದಾಟಿದ ಕಳಸಗಿತ್ತಿ

ನಮ್ಮ ಮನೆಯ ಹುಡುಗಿಯ ಮದುವೆ ಗೊತ್ತಾದ ದಿನ ನನಗೆ ಮೊದಲು ಬಂದ ಯೋಚನೆ ಸೀರೆಯದಲ್ಲ, ಬಂಗಾರದ್ದೂ ಅಲ್ಲ. ಅವಳನ್ನು ಗಂಡಿನ ಮನೆಯವರಿಗೆ ಒಪ್ಪಿಸುವಾಗ ಅವಳ ಕೈ ಹಿಡಿದು ಕೊಡುವವರು ಯಾರು ಎಂಬುದು. ನಾನೇ ಕೊಡಬೇಕು ಎಂದು ನನ್ನ ಆಸೆ. ಆಸೆ ಅಂದರೆ ಸಣ್ಣ ಮಾತಾಯಿತು, ಹಟ ಎನ್ನಿ.

ಹುಡುಗಿ ನನ್ನ ಅಣ್ಣನ ಮಗಳು. ಅವಳಿಗೆ ನಾಲ್ಕು ವರ್ಷವಿದ್ದಾಗ ಅತ್ತಿಗೆ ಜ್ವರದ ನೆಪದಲ್ಲಿ ಹೋಗಿಬಿಟ್ಟಳು. ಅಣ್ಣನದು ಮಸ್ಕಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಮುಂಗಾರು ಶುರುವಾದರೆ ಅವನಿಗೆ ಉಣ್ಣಲಿಕ್ಕೂ ಬಿಡುವಿರುವುದಿಲ್ಲ, ಇನ್ನು ಹುಡುಗಿಗೆ ಜಡೆ ಹಾಕುವುದೆಲ್ಲಿ? ನಾನು ಲಿಂಗಸುಗೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಅತ್ತಿಗೆಯ ದಿನಕಾರ್ಯ ಮುಗಿದ ಮೇಲೆ ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. "ಸ್ವಲ್ಪ ದಿನ ಇರ್ಲಿ ನಿನ್ನ ಕಡೆ" ಎಂದಿದ್ದ ಅಣ್ಣ. ಆ ಸ್ವಲ್ಪ ದಿನ ಅವಳು ಡಿಗ್ರಿ ಮುಗಿಸಿ ಸಿಂಧನೂರಿನ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರುವ ತನಕ ನಡೆಯಿತು. ಆಮೇಲೂ ಪ್ರತಿ ಶನಿವಾರ ಸಂಜೆ ಬಂದು ನನ್ನ ಅಡುಗೆಮನೆಯಲ್ಲಿ ಡಬ್ಬಿಗಳನ್ನು ತೆರೆದು ನೋಡುತ್ತಿದ್ದಳು.

ನನಗೆ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಮೊದಮೊದಲು ಕಾರಣ ಹೇಳುತ್ತಿದ್ದೆ. ಆಮೇಲೆ ಕೇಳಿದವರ ಮಕ್ಕಳಿಗೆ ಗಣಿತದಲ್ಲಿ ಎಷ್ಟು ಮಾರ್ಕ್ಸ್ ಬಂದಿದೆ ಎಂದು ತಿರುಗಿ ಕೇಳುವುದನ್ನು ಕಲಿತೆ. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನನಗೆ ಬೇಕಾಗಿರಲಿಲ್ಲ ಎಂದರೆ ಜನ ನಂಬುವುದಿಲ್ಲ, ಬೇಕಾಗಿತ್ತು ಎಂದರೆ ಅಯ್ಯೋ ಎನ್ನುತ್ತಾರೆ. ಎರಡೂ ನನಗೆ ಆಗದ ಮಾತು.

ನಮ್ಮ ಹಿರಿಯರು ಗಂಡಸಿನ ಆಯುಷ್ಯವನ್ನು ನಾಲ್ಕು ಪಾಲು ಮಾಡಿಟ್ಟಿದ್ದಾರೆ. ಓದುವ ಕಾಲ, ಸಂಸಾರದ ಕಾಲ, ಬಿಟ್ಟುಕೊಡುವ ಕಾಲ, ಬಿಟ್ಟುಹೋಗುವ ಕಾಲ. ಹೆಂಗಸಿನ ಪಾಲು ಬೇರೆ. ಅವಳು ಕನ್ಯೆ, ಇಲ್ಲವೇ ಮುತ್ತೈದೆ, ಇಲ್ಲವೇ ವಿಧವೆ. ಮದುವೆ, ಮುಂಜಿ, ತೊಟ್ಟಿಲು, ಗೃಹಪ್ರವೇಶ ಏನೇ ಇರಲಿ, ಈ ಮೂವರಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಏನನ್ನು ಮುಟ್ಟಬೇಕು, ಯಾರು ಒಳಗಿರಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ನಾನು ಭಾಗಾಕಾರದಲ್ಲಿ ಉಳಿಯುವ ಶೇಷದ ಹಾಗೆ. ಮಕ್ಕಳು ಉತ್ತರ ಬರೆಯುವಾಗ ಅದನ್ನು ಮರೆತುಬಿಡುತ್ತಾರೆ, ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇನೆ. ಬಸ್ಸಿನಲ್ಲಿ ಮಾತ್ರ ನನಗೆ ತಕರಾರಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಹೆಂಗಸೆಂದು ಒಪ್ಪಿಕೊಂಡು ಫ್ರೀ ಟಿಕೀಟು ಹರಿದು ಕೊಡುತ್ತಾನೆ. ನಮ್ಮ ದೊಡ್ಡವ್ವನಿಗೆ ಅಷ್ಟು ಸಾಲದು.

ದೊಡ್ಡವ್ವ ಎಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ. ಮಸ್ಕಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಕಾರ್ಯ ನಡೆದರೂ ಅವಳ ಮಾತೇ ಕೊನೆಯ ಮಾತು. ಕೆಟ್ಟವಳಲ್ಲ. ಆದರೆ ನಿಯಮ ಮುರಿದರೆ ಮೈಗೆ ತುರಿಕೆ ಹತ್ತಿದವಳ ಹಾಗೆ ಚಡಪಡಿಸುತ್ತಾಳೆ. ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ನಾನು ಮಸ್ಕಿಗೆ ಹೋಗಿದ್ದಾಗ ಅವಳ ಮನೆಯಲ್ಲಿ ಮುತ್ತೈದೆಯರ ಊಟವಿತ್ತು. ಐದು ಜನ ಮುತ್ತೈದೆಯರು, ಜೊತೆಗೆ ಕನ್ಯೆಯರು. ಕನ್ಯೆಯರೆಂದರೆ ಓಣಿಯ ಸಣ್ಣ ಹುಡುಗಿಯರು. ಅವರಲ್ಲಿ ಒಬ್ಬಳಿಗೆ ಜ್ವರ ಬಂದು ಒಂದು ಎಲೆ ಖಾಲಿ ಉಳಿಯಿತು. ಹಾಕಿದ ಎಲೆ ಖಾಲಿ ಬಿಡುವ ಹಾಗಿಲ್ಲ. ದೊಡ್ಡವ್ವ ಸುತ್ತ ನೋಡಿದಳು. ಬಾಗಿಲ ಹತ್ತಿರ ನಿಂತಿದ್ದ ನನ್ನ ಮೇಲೆ ಅವಳ ಕಣ್ಣು ನಿಂತಿತು.

"ನೀ ಬಾ ಬೇ. ಲಗ್ನ ಆಗಿಲ್ಲ ಅಂದಮ್ಯಾಲೆ ನೀನೂ ಕನ್ಯಾನ."

ಅವಳು ತಮಾಷೆ ಮಾಡಲಿಲ್ಲ. ನಿಯಮ ಹೇಳಿದಳು ಅಷ್ಟೆ. ತಲೆಯಲ್ಲಿ ಅರ್ಧ ಬಿಳಿ ಕೂದಲಿದ್ದ ನಾನು ಎರಡು ಜಡೆ ಕೆಂಪು ರಿಬ್ಬನ್ನಿನ ಹುಡುಗಿಯರ ಸಾಲಿನಲ್ಲಿ ಹೋಗಿ ಕೂತೆ. ನನಗಿಂತ ಬಹಳ ಚಿಕ್ಕವಳಾದ ಸೊಸೆಯೊಬ್ಬಳು ನನ್ನ ಕಾಲು ತೊಳೆದು ಕುಂಕುಮ ಹಚ್ಚಿದಳು. ಪಕ್ಕದಲ್ಲಿದ್ದ ಹುಡುಗಿ ಹೋಳಿಗೆ ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿ, "ಟೀಚರ್, ನೀವೂ ಸಣ್ಣಾಕಿ ಏನ್ರೀ?" ಎಂದು ಕೇಳಿತು. "ಹೂಂ, ಲೆಕ್ಕದಾಗ ಸಣ್ಣಾಕಿ" ಎಂದೆ. ಮನೆಗೆ ಬಂದು ಇದನ್ನು ಅಣ್ಣನ ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ನಿಂತಿತು.

ಹೀಗಿರುವಾಗ ಹುಡುಗಿಗೆ ಸಂಬಂಧ ಕೂಡಿತು. ಸಿಂಧನೂರಿನಲ್ಲಿ ರೈಸ್ ಮಿಲ್ಲು ಇಟ್ಟುಕೊಂಡ ಮನೆತನ, ಬಹಳ ಕಾಲದಿಂದ ಅಲ್ಲೇ ಇರುವವರು. ನಾವು ಜೋಳ ತಿನ್ನುವ ಎರೆಹೊಲದ ಮಂದಿ, ಅವರು ಕಾಲುವೆ ನೀರಿನಲ್ಲಿ ಭತ್ತ ಕಂಡವರು. ಹುಡುಗ ಒಳ್ಳೆಯವನು. ನಾನು ಅವನನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದ್ದೇನೆ, ಪಾಸಾಗಿದ್ದಾನೆ. ನಮ್ಮ ಹುಡುಗಿ ಎಡಗೈಲೆ ಉಣ್ಣುತ್ತಾಳೆ, ನಿಮ್ಮ ಮನೆಯಲ್ಲಿ ಯಾರಾದರೂ ಅಂದಾರು ಎಂದಾಗ, "ನಾನು ಬಲಗಡಿ ಕೂಡ್ತೀನ್ರೀ, ಕೈ ತಾಗಂಗಿಲ್ಲ" ಎಂದ. ಎದುರಿಗೆ ಕೂತರೂ ತಾಗುವುದಿಲ್ಲವಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಆದರೂ ಮಾರ್ಕ್ಸ್ ಕಡಿಮೆ ಮಾಡಲಿಲ್ಲ.

ಮದುವೆಯ ಮಾತುಕತೆಗೆ ಮಸ್ಕಿಯ ಮನೆಯಲ್ಲಿ ಎಲ್ಲರೂ ಕೂಡಿದೆವು. ಮದುವೆ ಮಾಡಿಸುವ ಅಯ್ಯನೋರು, ಅಣ್ಣ, ದೊಡ್ಡವ್ವ, ನಾನು. ಧಾರೆ ಎರೆಯಲು ಯಾರು ಕೂರುವುದು ಎಂಬ ಮಾತು ಬಂತು. ಧಾರೆ ಎರೆದವರೇ ಸಂಜೆ ಹುಡುಗಿಯ ಕೈ ಹಿಡಿದು ಅತ್ತೆಗೆ ಒಪ್ಪಿಸಬೇಕು, ಅದು ನಮ್ಮಲ್ಲಿ ಪದ್ಧತಿ. ಬೇರೆಯವರ ಬಾಯಿಂದ ನನ್ನ ಹೆಸರು ಬರುವ ಭಾಗ್ಯ ಇಲ್ಲವೆಂದು ಗೊತ್ತಿದ್ದುದರಿಂದ ನಾನೇ ಹೇಳಿದೆ.

"ನಾನು ಕೂಡ್ತೀನಿ."

ದೊಡ್ಡವ್ವ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು. "ಧಾರಿ ಎರಿಯಾಕ ಜೋಡಿ ಬೇಕು ಬೇ. ಗಂಡ ಹೆಂಡ್ತಿ ಇಬ್ರೂ ಇರ್ಬೇಕು. ನಿಮ್ಮಣ್ಣಗ ಜೋಡಿ ಉಳಿದಿಲ್ಲ. ನಿನಗ ಮೊದ್ಲ ಇಲ್ಲ."

"ಹಂಗಾರ ಅಣ್ಣ ನಾನು ಇಬ್ರೂ ಕೂಡ್ತೀವಿ. ಆಕೀನ ಬೆಳೆಸಿದವ್ರು ನಾವಿಬ್ರ ಅಲ್ಲೇನು?"

"ಹುಚ್ಚಿ! ಅಣ್ಣ ತಂಗಿ ಮಗ್ಗಲಾಗ ಮಗ್ಗಲ ಕುಂತು ಧಾರಿ ಎರಿತಾರೇನು? ನೋಡಿದ ಮಂದಿ ಏನಂದಾರು? ಲೆಕ್ಕ ಹೇಳಿ ಹೇಳಿ ನಿನ್ನ ತಲಿ ಕೆಟ್ಟೈತಿ."

ನಾನು ಅಯ್ಯನೋರ ಕಡೆ ನೋಡಿದೆ. ಅವರು ಶಲ್ಯ ಸರಿಮಾಡಿಕೊಂಡು, "ಹಿರ್ಯಾರು ಹ್ಯಾಂಗ ಅಂತಾರ ಹಂಗ ಮಾಡಾದ್ರಿ" ಎಂದರು. ನಮ್ಮದು ಶರಣರ ಮನೆತನ. ಬೆಳಗಾದರೆ ವಿಭೂತಿ, ಲಿಂಗಪೂಜೆ. ಗಂಡು ಹೆಣ್ಣು, ಮೇಲು ಕೀಳು ಇಲ್ಲ ಎಂದು ದೊಡ್ಡವ್ವನೇ ದಿನಾ ಕೈ ಮುಗಿದು ಹೇಳುತ್ತಾಳೆ. ಆದರೇನು, ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಅಣ್ಣ ನೆಲ ನೋಡುತ್ತ ಕೂತಿದ್ದ. ಅವನ ಮೇಲೆ ಸಿಟ್ಟು ಬಂತು. "ನೀನರ ಏನರ ಮಾತಾಡಲ್ಲ?" ಎಂದೆ.

"ಹಡದಪ್ಪ ನಾನ ಸುಮ್ಮ ಕುಂತೀನಿ" ಎಂದ ಅವನು. "ನೀನೂ ಸುಮ್ಮ ಕೂಡು."

ಆಗ ನನಗೆ ತಿಳಿಯಿತು, ಅವನನ್ನೂ ನನ್ನ ಜೊತೆಗೇ ಹೊರಗೆ ಹಾಕಿದ್ದಾರೆ. ಹೆಂಡತಿ ಸತ್ತ ಗಂಡಸಿಗೆ ಒಳಗೆ ಬರಲು ಒಂದು ಬಾಗಿಲಿರುತ್ತದೆ, ಇನ್ನೊಂದು ಮದುವೆ. ಅವನು ಮಗಳಿಗಾಗಿ ಆ ಬಾಗಿಲಿಗೆ ಹೋಗಲಿಲ್ಲ. ಹೋಗಿದ್ದರೆ ಇವತ್ತು ಹಸೆಯ ಮೇಲೆ ಕೂರುತ್ತಿದ್ದ. ಕೊನೆಗೆ ಗಂಗಾವತಿಯಲ್ಲಿರುವ ದೊಡ್ಡವ್ವನ ಮಗ, ಸೊಸೆ ಧಾರೆ ಎರೆಯುವುದೆಂದು ಗೊತ್ತಾಯಿತು. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು. ಹುಡುಗಿಯನ್ನು ಮದುವೆ ಮನೆಗಳಲ್ಲಿ ನೋಡಿದ್ದರು.

ಲಿಂಗಸುಗೂರಿಗೆ ಮರಳಿ ಶಾಲೆಯಲ್ಲಿ ನನ್ನ ಗೆಳತಿಗೆ ಇದನ್ನು ಹೇಳಿದೆ. ಅವಳು ಸಿಂಧನೂರಿನ ಹತ್ತಿರ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನಲ್ಲಿ ಹುಟ್ಟಿ ಬೆಳೆದ ಬಂಗಾಲಿ, ವಿಜ್ಞಾನ ಹೇಳುತ್ತಾಳೆ. ಅವಳ ಕನ್ನಡ ನನ್ನದಕ್ಕಿಂತ ಜವಾರಿ. "ಹೋಗ್ಲಿ ಬಿಡ್ರಿ ಅಕ್ಕಾ" ಎಂದಳು. "ನಮ್ಮಾಗ ಮಗಳ ಲಗ್ನ ತಾಯಿ ನೋಡಂಗ ಇಲ್ಲ. ನನ್ನ ಲಗ್ನದಾಗ ನಮ್ಮವ್ವ ಒಳಗಿನ ಖೋಲ್ಯಾಗ ಗೋಡಿಗೆ ಕಿವಿ ಹಚ್ಚಿ ಕುಂತಿದ್ಲು. ಶಂಖ ಊದಿದ್ದು ಕೇಳಿ ಲಗ್ನ ಆತು ಅಂತ ತಿಳ್ಕೊಂಡ್ಲು."

ಸಮಾಧಾನ ಹೇಳಲು ಹೇಳಿದಳು, ನನಗೆ ಹೊಟ್ಟೆಕಿಚ್ಚಾಯಿತು. ಅವಳವ್ವ ತಾಯಿ ಎಂಬ ಕಾರಣಕ್ಕೆ ಒಳಗೆ ಕೂತಳು. ನೋಡಬಾರದು ಎಂಬುದೂ ಒಂದು ಸ್ಥಾನವೇ. ನನಗೆ ನೋಡಬೇಡ ಎಂದು ಯಾರೂ ಹೇಳಿರಲಿಲ್ಲ. ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಧಾರಾಳವಾಗಿ ನೋಡಬಹುದಿತ್ತು.

ಮದುವೆ ಹತ್ತಿರ ಬಂದಾಗ ರಜೆ ಹಾಕಿ ಮಸ್ಕಿಗೆ ಹೋದೆ. ಹುಡುಗಿಯೂ ಬಂದಿದ್ದಳು. ಮನೆತುಂಬ ಹೆಂಗಸರು ಅರಿಷಿಣ ಕುಟ್ಟುತ್ತ, ಹಾಡು ಹೇಳುತ್ತ ಕೂತಿದ್ದರು. ದೊಡ್ಡವ್ವ ನಡುವೆ ಕೂತು ಯಾರು ಆರತಿ ಹಿಡಿಯಬೇಕು, ಯಾರು ಅಕ್ಕಿ ತರಬೇಕು ಎಂದು ಒಂದೊಂದೇ ಹಂಚುತ್ತಿದ್ದಳು. ಕಳಸಗಿತ್ತಿಯ ಸರದಿ ಬಂತು. ಕಳಸಗಿತ್ತಿ ಎಂದರೆ ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ಹುಡುಗಿ. ಹಸೆಯಿಂದ ಹಿಡಿದು ಗಂಡಿನ ಮನೆ ಹೊಸ್ತಿಲಿನ ತನಕ ಅವಳು ಮದುಮಗಳನ್ನು ಬಿಟ್ಟು ಅಲುಗಬಾರದು. ನಾಲ್ಕನೇ ಕ್ಲಾಸಿನ ಯಾವುದೋ ಹುಡುಗಿಯ ಹೆಸರು ಹೇಳಲು ದೊಡ್ಡವ್ವ ಬಾಯಿ ತೆರೆದಳು. ಅಷ್ಟರಲ್ಲಿ ನಮ್ಮ ಹುಡುಗಿ ನಡುವೆ ಬಾಯಿ ಹಾಕಿದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ, ದೊಡ್ಡವ್ವನನ್ನು ಅವಳು ಹಾಗೆಯೇ ಕರೆಯುತ್ತಿದ್ದಳು.

"ಅಮ್ಮಾ, ಕಳಸಗಿತ್ತಿ ಆಗಾಕ ಏನ್ ಬೇಕು?"

"ಏನ್ ಬೇಕು, ಲಗ್ನ ಆಗಿರಬಾರದು. ನಮ್ಮ ರಕ್ತದಾಕಿ ಆಗಿರಬೇಕು. ಅಷ್ಟ."

"ವಯಸ್ಸು?"

"ವಯಸ್ಸಿಂದೇನೂ ಇಲ್ಲ. ಲಗ್ನ ಆಗದವ್ರು ಅಂದ್ರ ಹೆಂಗೂ ಸಣ್ಣೋರ ಇರ್ತಾರಲ್ಲ..." ಎನ್ನುತ್ತ ದೊಡ್ಡವ್ವ ನಿಲ್ಲಿಸಿದಳು. ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ಗೊತ್ತಾಗಿರಬೇಕು.

"ಹಂಗಾರ ನಮ್ಮ ಅತ್ತಿ ಆಗ್ತಾಳ" ಎಂದಳು ಹುಡುಗಿ. "ಲಗ್ನ ಆಗಿಲ್ಲ. ನಮ್ಮ ರಕ್ತ. ದಸರಾದಾಗ ನೀನ ಅಕೀನ ಕನ್ಯಾ ಅಂತ ಎಲಿ ಮುಂದ ಕುಂದ್ರಿಸೀದಿ."

ಒನಕೆಗಳು ನಿಂತವು. ಯಾರೋ ಸೆರಗು ಬಾಯಿಗಿಟ್ಟು ಕಿಸಕ್ಕೆಂದರು. ಮಾಡಿದ್ದುಣ್ಣೋ ಮಹಾರಾಯ ಎಂಬಂತಾಗಿತ್ತು ದೊಡ್ಡವ್ವನ ಪಾಡು. ತಾನೇ ಹೇಳಿದ ನಿಯಮ, ತಾನೇ ಮಾಡಿದ ಕನ್ಯೆ. ಹುಡುಗಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ನಾಕು ಮಂದ್ಯಾಗ ನನ್ನ ತಮಾಷಾ ಮಾಡಾಕತ್ತೀ ಏನು?" ಎಂದು ಬೈದೆ.

"ತಮಾಷಾ ಅಲ್ಲತ್ತಿ. ಕಳಸ ಹಿಡಿದ್ರ ನೀ ನನ್ನ ಮಗ್ಗಲಾಗ ಇರ್ತಿ. ಯಾರೂ ನಿನ್ನ ಎಬ್ಬಸಂಗಿಲ್ಲ."

ಹಿತ್ತಲಿನ ತೊಟ್ಟಿಯಲ್ಲಿ ಮುಖ ತೊಳೆದುಕೊಂಡು ಒಳಗೆ ಬಂದು, "ಆತು, ಹಿಡೀತೀನಿ" ಎಂದೆ. ದೊಡ್ಡವ್ವ ಒಂದು ಅರಿಷಿಣದ ಕೊಂಬನ್ನು ಒರಳಿಗೆ ಹಾಕಿ, "ಶಾಸ್ತ್ರದಾಗ ಬ್ಯಾಡ ಅಂತಿಲ್ಲ" ಎಂದಳು. ಅವಳ ಬಾಯಿಂದ ಅದಕ್ಕಿಂತ ಹೆಚ್ಚಿನದನ್ನು ನಾನು ಯಾವತ್ತೂ ಕೇಳಿಲ್ಲ. ಆಮೇಲೆ ನನಗೆ ಕಳಸ ಹಿಡಿಯುವುದನ್ನು ಹೇಳಿಕೊಟ್ಟಳು. ಹಿಡಿದಾಗ ಎರಡೂ ಕೈಯಲ್ಲಿ ಹಿಡಿಯಬೇಕು, ಕೈ ಬದಲಿಸಬಾರದು, ಎದೆಗಿಂತ ಕೆಳಗೆ ಇಳಿಸಬಾರದು. ಶಾಸ್ತ್ರ ನಡೆದಿರುವಾಗ ನೆಲಕ್ಕೆ ಇಡಲೇಬಾರದು.

ಮದುವೆ ಸಿಂಧನೂರಿನ ಕಾಲುವೆ ಕಡೆಯ ಕಲ್ಯಾಣ ಮಂಟಪದಲ್ಲಿ. ಹಸಿರು ರೇಷ್ಮೆ ಸೀರೆ ಉಟ್ಟು, ನೀರು ತುಂಬಿದ ತಾಮ್ರದ ಚೊಂಬಿನ ಮೇಲೆ ವೀಳ್ಯದೆಲೆ, ತೆಂಗಿನಕಾಯಿ ಇಟ್ಟುಕೊಂಡು ಹುಡುಗಿಯ ಎಡಗಡೆ ನಿಂತೆ. ಫೋಟೋ ತೆಗೆಯುವವನು ಕ್ಯಾಮೆರಾದಿಂದ ತಲೆ ಎತ್ತಿ, "ಮೇಡಂ, ನೀವು ಸ್ವಲ್ಪ ಸರೀರಿ. ಕಳಸಗಿತ್ತಿನ ಕರೀರಿ" ಎಂದ.

"ಕರದಾರ. ಬಂದೀನಿ" ಎಂದೆ.

ಅವನು ನನ್ನನ್ನು ನೋಡಿದ, ಚೊಂಬನ್ನು ನೋಡಿದ, ಪಟಪಟನೆ ಎರಡು ಫೋಟೋ ತೆಗೆದುಬಿಟ್ಟ. ಗಂಡಿನ ಕಡೆಯ ಹೆಂಗಸರ ಸಾಲಿನಲ್ಲಿ ಗುಸು ಗುಸು ಎದ್ದಿತು. ಏಳಲಿ ಎಂದುಕೊಂಡೆ. ಜನ್ಮದಲ್ಲಿ ಮೊದಲ ಸಲ ಒಂದು ಮದುವೆಯಲ್ಲಿ ನಾನು ಎಲ್ಲಿ ನಿಲ್ಲಬೇಕು ಎಂಬುದು ನನಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಆ ಹೊತ್ತು ನನಗೆ ಬಹಳ ಸಂತೋಷವಾಗಿತ್ತು.

ಧಾರೆಯ ಹೊತ್ತಿಗೆ ಹುಡುಗಿ ರೂಢಿಯ ಮೇಲೆ ಎಡಗೈ ಮುಂದೆ ಮಾಡಿದಳು. ಗಂಗಾವತಿಯ ಸೊಸೆ ಗಾಬರಿಯಾಗಿ ಆ ಕೈಯನ್ನು ಹಿಂದಕ್ಕೆ ತಳ್ಳಿ ಬಲಗೈ ಎಳೆದಳು. ಲಿಂಗಸುಗೂರಿನಲ್ಲಿ ಆ ಎಡಗೈಗೆ ಯಾವ ಮೇಷ್ಟರ ಬೆತ್ತವೂ ಬೀಳದಂತೆ ಕಾವಲಿದ್ದವಳು ನಾನು. "ಮೆತ್ತಗ" ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ನೀರು ಬಿತ್ತು, ಅಕ್ಕಿಕಾಳು ಬಿದ್ದವು. ಕೆಳಗೆ ಮೊದಲ ಸಾಲಿನಲ್ಲಿ ಅಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಮೇಲಿನಿಂದ ಅವನು ಬಹಳ ಚಿಕ್ಕವನಾಗಿ ಕಂಡ.

ಸಂಜೆ ಮಂಟಪದ ಮುಂದೆ ಗಂಡಿನ ಕಡೆಯ ಕಾರು ಬಂದು ನಿಂತಿತು. ಹುಡುಗಿಯನ್ನು ಒಪ್ಪಿಸುವ ಶಾಸ್ತ್ರ. ನಾನು ಕಳಸ ಹಿಡಿದು ಅವಳ ಪಕ್ಕದಲ್ಲೇ ಇದ್ದೆ. ಬೀಗತಿ, ಅಂದರೆ ಹುಡುಗನ ತಾಯಿ, ಸೆರಗು ಒಡ್ಡಿ ಎದುರಿಗೆ ನಿಂತಳು. ದೊಡ್ಡವ್ವನ ಮಗ, ಗಂಗಾವತಿಯ ಅಣ್ಣ, ಹುಡುಗಿಯ ಕೈ ಹಿಡಿದುಕೊಂಡು ಎಲ್ಲರೂ ಹೇಳುವ ಮಾತನ್ನೇ ಹೇಳಿದ.

"ನಮ್ಮ ಮಗಳನ್ನ ನಿಮ್ಮ ಉಡ್ಯಾಗ ಹಾಕೇವ್ರಿ. ಬಾಳ ಮೆತ್ತನ ಹುಡುಗಿ. ಎದುರಾಡಿ ಗೊತ್ತಿಲ್ಲ. ತಪ್ಪು ಮಾಡಿದ್ರ ಹೊಟ್ಟ್ಯಾಗ ಹಾಕ್ಕೊರ್ರಿ."

ಎದುರಾಡಿ ಗೊತ್ತಿಲ್ಲವಂತೆ! ನನ್ನ ಮನೆಯಲ್ಲಿ ಅವಳು ಎದುರಾಡದ ದಿನವಿಲ್ಲ. ಅಷ್ಟು ದುಃಖದಲ್ಲೂ ಹುಡುಗಿ ನನ್ನ ಕಡೆ ತಿರುಗಿ ಅರ್ಧ ನಕ್ಕಳು. ನಗು ಪೂರ್ತಿಯಾಗದೆ ಅಳುವಾಯಿತು. ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಚಿಕ್ಕವಳಿದ್ದಾಗ ಅವಳು ಅತ್ತರೆ ಮಾತಾಡದೆ ಮುಖವನ್ನು ನನ್ನ ಮುಂದೆ ಚಾಚುತ್ತಿದ್ದಳು, ನಾನು ಸೆರಗಿನಿಂದ ಒರೆಸುತ್ತಿದ್ದೆ. ಈಗಲೂ ಹಾಗೆಯೇ ಬಾಸಿಂಗ ಕಟ್ಟಿದ ಮುಖವನ್ನು ನನ್ನ ಮುಂದೆ ಚಾಚಿದಳು.

ನನ್ನ ಎರಡೂ ಕೈಯಲ್ಲಿ ಕಳಸವಿತ್ತು.

ಇಳಿಸುವ ಹಾಗಿಲ್ಲ, ಒಂದು ಕೈ ಬಿಡುವ ಹಾಗಿಲ್ಲ. ದೊಡ್ಡವ್ವ ಹಿಂದೆಯೇ ನಿಂತು ನೋಡುತ್ತಿದ್ದಳು. ಅವಳು ನೋಡದಿದ್ದರೂ ನಾನು ಬಿಡುತ್ತಿರಲಿಲ್ಲ ಎಂಬುದೇ ನನಗೆ ಆಶ್ಚರ್ಯ. ಅಪಶಕುನವಾದೀತು, ಹುಡುಗಿಗೆ ಏನಾದರೂ ಆದೀತು ಎಂಬ ಭಯ ನನ್ನನ್ನೂ ಹಿಡಿದಿತ್ತು. ನಿಯಮವನ್ನು ಅಷ್ಟು ವರ್ಷ ಬೈದವಳು ಚೊಂಬನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಹುಡುಗಿ ಕಾದಳು. ಆಗ ಬೀಗತಿ ಒಂದು ಹೆಜ್ಜೆ ಮುಂದೆ ಬಂದು, ಒಡ್ಡಿದ ಸೆರಗಿನಿಂದಲೇ ಅವಳ ಕಣ್ಣು ಒರೆಸಿ, ಮೂಗು ಒರೆಸಿ, "ಸಾಕವ್ವ, ಸಾಕು" ಎಂದಳು. ಹುಡುಗಿ ಅವಳ ಹೆಗಲಿಗೆ ತಲೆ ಇಟ್ಟಳು. ಗಂಗಾವತಿಯ ಅಣ್ಣ ಇನ್ನೂ ಏನೋ ಹೇಳುತ್ತಿದ್ದ, ಆದರೆ ಕೊಡುವುದು ಕೊಟ್ಟಾಗಿತ್ತು. ನಾನು ಇಷ್ಟು ಹತ್ತಿರ ನಿಲ್ಲಬಾರದಿತ್ತು ಅನ್ನಿಸಿತು. ಮೂರನೇ ಸಾಲಿನಿಂದ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ.

ಕಳಸಗಿತ್ತಿಯಾಗಿ ನಾನೂ ಕಾರಿನಲ್ಲಿ ಹೋದೆ. ಹೊಸ್ತಿಲಲ್ಲಿ ಹುಡುಗಿ ಅಕ್ಕಿ ತುಂಬಿದ ಸೇರನ್ನು ಕಾಲಿನಿಂದ ತಳ್ಳಿ ಒಳಗೆ ಹೋದಳು. ನನ್ನ ಕೈಯ ಕಳಸ ಅವರ ದೇವರ ಕೋಣೆ ಸೇರಿತು. ಕೈ ಖಾಲಿಯಾಯಿತು, ಕೆಲಸವೂ ಮುಗಿಯಿತು. ಮನೆಯವರು ನನಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಆ ಮನೆಯಲ್ಲಿ ನನ್ನನ್ನು ಎಲ್ಲಿ ಕೂರಿಸುವುದೆಂದು ಯಾರಿಗೂ ತಿಳಿಯದು. ಬೀಗತಿಯರ ಸಾಲಿಗೆ ಕರೆದರೆ ನಾನು ಬೀಗತಿಯಲ್ಲ. ಹುಡುಗಿಯರ ಕೋಣೆಗೆ ಕಳಿಸಿದರೆ ಅಲ್ಲಿ ಎಲ್ಲರೂ ಮೊಬೈಲ್ ಹಿಡಿದ ಹದಿನೆಂಟರವರು. ಮಿಲ್ಲಿನ ತೌಡಿನ ವಾಸನೆ ಬರುವ ಪಡಸಾಲೆಯಲ್ಲಿ ಒಬ್ಬಳೇ ಮಲಗಿದೆ.

ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಬೀಗತಿ ಒಂದು ತಟ್ಟೆ ತಂದಳು. ಕಳಸಗಿತ್ತಿಗೆ ಗಂಡಿನ ಮನೆಯವರು ಬಟ್ಟೆ ಕೊಟ್ಟು ಕಳಿಸುವ ಪದ್ಧತಿ. ತಟ್ಟೆಯಲ್ಲಿ ಜರಿ ಅಂಚಿನ ಕೆಂಪು ಲಂಗ, ಗುಬ್ಬಿಗೆ ತೊಡಿಸುವಂಥ ಗಾಜಿನ ಬಳೆ. ಪದ್ಧತಿ ಗೊತ್ತಿದ್ದವರು ಮೊದಲೇ ತಂದಿಟ್ಟುಕೊಂಡಿದ್ದರು, ಪಾಪ. ಬೀಗತಿ ನನ್ನನ್ನು ನೋಡಿದವಳೇ ತಟ್ಟೆಯ ಮೇಲೆ ಸೆರಗು ಮುಚ್ಚಿ ಒಳಗೆ ಓಡಿದಳು. ಸೀರೆ ತೆಗೆದುಕೊಂಡು ಬಂದಳು. "ತಪ್ಪು ತಿಳೀಬ್ಯಾಡ್ರಿ" ಎಂದಳು. ತಪ್ಪು ತಿಳಿಯುವುದೇನಿದೆ, ಕಳಸಗಿತ್ತಿಯದೇ ಅಳತೆ ತಪ್ಪಿತ್ತು.

"ಬರಿಗೈಲೆ ಕಳಸಬಾರದು. ಉಡಿ ತುಂಬಿ..." ಎಂದವಳು ಅಲ್ಲಿಗೇ ನಿಂತಳು. ನನಗೆ ಉಡಿ ತುಂಬಬಹುದೋ ಬಾರದೋ ಎಂದು ಅವಳ ಕಣ್ಣಿನಲ್ಲಿ ಪ್ರಶ್ನೆ ಇತ್ತು. ನಾನು ಚಪ್ಪಲಿ ಹುಡುಕುವವಳಂತೆ ಆಚೆ ನೋಡಿದೆ.

"ನಾನು ತುಂಬ್ತೀನಿ" ಎಂದಳು ನಮ್ಮ ಹುಡುಗಿ.

ಬೀಗತಿ ಒಂದು ಕ್ಷಣ ಯೋಚಿಸಿ, "ತುಂಬವ್ವ. ಈಗ ನೀ ಮುತ್ತೈದಿ" ಎಂದಳು.

ನನ್ನನ್ನು ಮಣೆಯ ಮೇಲೆ ಕೂರಿಸಿದರು. ನಿನ್ನೆ ಮದುವೆಯಾದ ಹುಡುಗಿ, ಕತ್ತಿನಲ್ಲಿ ಹೊಸ ತಾಳಿ, ನನ್ನ ಸೆರಗಿಗೆ ಅಕ್ಕಿ ಹಾಕಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಕುಬಸದ ಖಣ. ತವರಿನವರು ಮಗಳಿಗೆ ಉಡಿ ತುಂಬಿ ಕಳಿಸುತ್ತಾರೆ. ಅವಳು ನನ್ನನ್ನು ಹಾಗೆ ಕಳಿಸುತ್ತಿದ್ದಳು. ನಾನು ಎಲ್ಲವನ್ನೂ ಗಂಟು ಹಾಕಿಕೊಂಡು ಎದ್ದು ನಿಂತುಬಿಟ್ಟೆ. ಬೀಗತಿ ಮೆಲ್ಲಗೆ, "ಒಂದು ಹಿಡಿ ಹೊಳ್ಳಿ ಹಾಕ್ರಿ. ಉಡಿ ಪೂರಾ ಒಯ್ಯಬಾರದು" ಎಂದಳು. ಸುತ್ತಲಿನ ಹೆಂಗಸರಿಗೆಲ್ಲ ಗೊತ್ತಿದ್ದ ಮಾತು. ನನಗೆ ಗೊತ್ತಿರಲಿಲ್ಲ. ಯಾರಾದರೂ ತುಂಬಿದ್ದರಲ್ಲವೇ ಗೊತ್ತಾಗುವುದು? ಗಂಟು ಬಿಚ್ಚಿ ಒಂದು ಹಿಡಿ ಅಕ್ಕಿಯನ್ನು ಹುಡುಗಿಯ ಸೆರಗಿಗೆ ಹಾಕಿದೆ. ಅವಳು ಎಡಗೈಯಲ್ಲಿ ಸೆರಗು ಹಿಡಿದಿದ್ದಳು, ಯಾರೂ ಏನೂ ಅನ್ನಲಿಲ್ಲ.

"ಈ ಅಕ್ಕಿ ಹೊರಗಿನವ್ರಿಗೆ ಹಾಕಬ್ಯಾಡ್ರಿ ಮತ್ತ" ಎಂದು ಬೀಗತಿ ಬಾಗಿಲ ತನಕ ಬಂದು ಹೇಳಿದಳು. "ಸಿಹಿ ಮಾಡಿ ಮನಿ ಮಂದೀನ ಉಣಬೇಕು."

ಲಿಂಗಸುಗೂರಿನ ಬಸ್ಸು ಮಸ್ಕಿಯಲ್ಲಿ ನಿಂತಾಗ ಅಣ್ಣ ಕಿಟಕಿಯ ಹತ್ತಿರ ಬಂದ. ಮೊದಲೇ ಫೋನ್ ಮಾಡಿ ಯಾವ ಬಸ್ಸು ಎಂದು ಕೇಳಿಕೊಂಡಿದ್ದ. ಕಾಗದದಲ್ಲಿ ಕಟ್ಟಿದ ಮಿರ್ಚಿ ಬಜಿ ಒಳಗೆ ಕೊಟ್ಟು, "ಹೆಂಗದಾಳ?" ಎಂದ.

"ಚಂದ ಅದಾಳ."

"ಇಳದು ಬಾ, ಉಂಡು ಹೋಗು."

"ನಾಳೆ ಸಾಲಿ ಐತಿ" ಎಂದೆ. ಇಳಿದಿದ್ದರೆ ಆ ಅಕ್ಕಿಯನ್ನು ಅಲ್ಲೇ ಬೇಯಿಸಿ ಇಬ್ಬರೂ ಉಣ್ಣಬಹುದಿತ್ತು ಎಂದು ನನಗೆ ಹೊಳೆದದ್ದು ಬಸ್ಸು ಊರು ದಾಟಿದ ಮೇಲೆ. ಆದರೆ ಅದು ಅವನ ಮನೆ, ಉಡಿ ನನ್ನದು. ನಿಯಮ ಏನು ಹೇಳುತ್ತದೋ. ದೊಡ್ಡವ್ವನನ್ನು ಕೇಳಬೇಕಾಗುತ್ತಿತ್ತು.

ಮರುದಿನ ಶಾಲೆಯಿಂದ ಬಂದು ಬೆಲ್ಲ ಹಾಕಿ ಹುಗ್ಗಿ ಮಾಡಿದೆ. ಎಷ್ಟು ಮಾಡಬೇಕೆಂದು ತಿಳಿಯದೆ ಉಡಿಯ ಅಕ್ಕಿಯನ್ನೆಲ್ಲ ಹಾಕಿಬಿಟ್ಟಿದ್ದೆ. ದೊಡ್ಡ ಪಾತ್ರೆ ತುಂಬಿತು. ಮೇಲಿನ ಮನೆಯವರಿಗೆ ಕೊಡೋಣವೆಂದರೆ ಹೊರಗಿನವರು. ಗೆಳತಿಯನ್ನು ಕರೆಯೋಣವೆಂದರೆ ಅವಳೂ ಹೊರಗಿನವಳೇ. ತಟ್ಟೆಗೆ ಹಾಕಿಕೊಂಡು ಕೂತೆ. ಆಗ ಹುಡುಗಿಯ ಫೋನ್ ಬಂತು. ಹಿಂದೆ ಮಿಲ್ಲಿನ ಸದ್ದು, ಪಾತ್ರೆಗಳ ಸದ್ದು, ಯಾರೋ ಅವಳನ್ನು ಕರೆಯುವ ಸದ್ದು. ಅವಳ ದನಿಯಲ್ಲಿ ಆಗಲೇ ಆ ಮನೆಯ ಅವಸರ ಸೇರಿಕೊಂಡಿತ್ತು.

"ಅತ್ತಿ, ಉಡಿ ಅಕ್ಕಿ ಮಾಡಿದಿ?"

"ಮಾಡೀನಿ. ಹುಗ್ಗಿ."

"ಮನಿ ಮಂದಿ ಎಲ್ಲಾರೂ ಉಂಡ್ರಿಲ್ಲ?"

ಅತ್ತೆಯ ಮನೆಯಲ್ಲಿ ಹೊಸದಾಗಿ ಕಲಿತ ಮಾತು, ಕೇಳಬೇಕಾದ ರೀತಿಯಲ್ಲೇ ಕೇಳಿದಳು. ಕೇಳಿದ ಮೇಲೆ ಅವಳಿಗೆ ಗೊತ್ತಾಯಿತು. "ಅತ್ತಿ..." ಎಂದು ಮೂಗು ಎಳೆದುಕೊಂಡಳು. ಅಲ್ಲಿ ಎಲ್ಲರ ಮುಂದೆ ಅವಳು ಅಳುವುದು ನನಗೆ ಬೇಕಿರಲಿಲ್ಲ.

"ಹೂಂ ಬೇ" ಎಂದೆ. "ಎಲ್ಲಾರೂ ಉಂಡ್ವಿ."